ರಾಜಿ ಶಿವನಂಜಪ್ಪ ಕೊಡಿಸಿದ ಬೀಗದ ಕೈ

ರಾಜಿಯಾಗುವ ಮೊದಲೇ ಹಾರ ತರಿಸಿಡುತ್ತಿದ್ದ ಮನುಷ್ಯ ಶಿವನಂಜಪ್ಪ. ಗಂಡ ಹೆಂಡತಿ ಇನ್ನೂ ಮುಖ ತಿರುಗಿಸಿಕೊಂಡು ಕೂತಿರುವಾಗಲೇ ಆತನ ಕುರ್ಚಿಯ ಪಕ್ಕದಲ್ಲಿ, ಬಾಳೆಯೆಲೆಯಲ್ಲಿ ಸುತ್ತಿದ ಎರಡು ಸೇವಂತಿಗೆ ಹಾರ ಸಿದ್ಧವಾಗಿರುತ್ತಿದ್ದವು. ಅವು ಬಾಡುವುದರೊಳಗೆ ಒಪ್ಪಿಸಿಬಿಡಬೇಕು ಎಂಬ ಅವಸರ ಆತನಿಗೆ.

ನಿವೃತ್ತ ಹೆಡ್‌ಮಾಸ್ಟರು. ನಂಜನಗೂಡಿನ ಒಂದು ಮಹಡಿ ಕೋಣೆಯಲ್ಲಿ ಶನಿವಾರ ಶನಿವಾರ ಆತನ ಪಂಚಾಯಿತಿ. ವಿಚ್ಛೇದನದ ಕೇಸು ವರ್ಷಗಟ್ಟಲೆ ಎಳೆಯುತ್ತದೆಂದು ಎರಡೂ ಕಡೆಯ ವಕೀಲರೇ ಜನರನ್ನು ಅಲ್ಲಿಗೆ ಕಳಿಸುತ್ತಿದ್ದರು. ಗರಿಗರಿ ಇಸ್ತ್ರಿಯ ಬಿಳಿ ಜುಬ್ಬ, ಹಣೆ ತುಂಬ ವಿಭೂತಿ. ಜೀವನವಿಡೀ ಪಾಠ ಹೇಳಿದವನಾದರೂ ಮಾತು ಮಾತ್ರ ಅಪ್ಪಟ ಹಳ್ಳಿಯದು. ಜನ ನಂಬಲಿ ಅಂತ. ಗೋಡೆಯಲ್ಲಿ ತಾನು ಒಂದು ಮಾಡಿದ ಜೋಡಿಗಳ ಫೋಟೊ ಸಾಲಾಗಿ ತೂಗುಹಾಕಿದ್ದ. "ನನ್ ತಾವ್ಕೆ ಬಂದೋರು ಬ್ಯಾರೆಯಾಗಿ ಮೆಟ್ಲಿಳ್ದಿಲ್ಲ ಕಣವ್ವ" ಎಂದು ನನಗೂ ತೋರಿಸಿದ. ಮೈಯೆಲ್ಲ ಉರಿದುಹೋಯಿತು.

ನನ್ನ ಗಂಡ ಫ್ಯಾಕ್ಟರಿಗೆ ಹೋಗುವಾಗ ಮನೆಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಒಳಗೆ ನಾನು. ನೆರೆಹೊರೆಯವರ ಜೊತೆ ಮಾತಾಡಬಾರದು, ಅಷ್ಟೇ ಕಾರಣ. ಎರಡು ವರ್ಷ ಸಹಿಸಿ, ತಿ. ನರಸೀಪುರದ ತವರಿಗೆ ಬಂದು, ಬಿಡುಗಡೆ ಬೇಕೆಂದು ಕೋರ್ಟಿಗೆ ಹಾಕಿದ್ದೆ. ಅವನು ಬಿಡೋದಿಲ್ಲ ಅಂತ ಹಟ ಹಿಡಿದಿದ್ದ. ಹಾಗಾಗಿ ಶಿವನಂಜಪ್ಪನ ಮುಂದೆ ಕೂತೆವು.

"ಒಡೀತಾನಾ?" ಎಂದು ಕೇಳಿದ.

"ಇಲ್ಲ."

"ಕುಡೀತಾನಾ?"

"ಇಲ್ಲ. ಬೀಗ ಹಾಕ್ತಾನೆ ಸಾರ್."

ಆತ ನಕ್ಕುಬಿಟ್ಟ. "ಬೆಲೆ ಬಾಳೋ ವಸ್ತುಗೆ ತಾನೆ ಬೀಗ ಆಕೋದು? ಅಷ್ಟೂ ಗ್ಯಾನ ಇಲ್ವಾ ನಿಂಗೆ?" ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ.

ಮೂರು ಶನಿವಾರ ಇದೇ ಆಯಿತು. ಬಸ್ಸಿನಲ್ಲಿ ಓಡಾಡಿ ಸುಸ್ತಾಗಿದ್ದ ಅಪ್ಪ ಕೊನೆಗೆ, "ದೊಡ್ಡೋರು ಏಳ್ತಾವ್ರೆ, ಒಂದ್ಸಲ ಓಗ್ ನೋಡು ಮಗ. ನಾನೇ ಬಂದು ಇಚಾರಿಸ್ಕತೀನಿ" ಅಂದರು. ನಾನು ಒಪ್ಪಿದೆ. ಶಿವನಂಜಪ್ಪ ಮುತ್ತಿನಂಥ ಅಕ್ಷರದಲ್ಲಿ ಕರಾರು ಬರೆದ: 'ಸದರಿ ಬೀಗಕ್ಕೆ ಇನ್ನೊಂದು ಬೀಗದ ಕೈ ಮಾಡಿಸಿ ಹೆಂಡತಿಯ ವಶಕ್ಕೆ ಕೊಡತಕ್ಕದ್ದು.' ಹಾರ ಹಾಕಿಸಿ ಫೋಟೊ ತೆಗೆಸಿದ. ನನ್ನ ಕೇಸು ವಾಪಸ್ಸಾಯಿತು.

ಗಂಡ ಕರಾರನ್ನು ಚಾಚೂ ತಪ್ಪದೆ ಪಾಲಿಸಿದ. ಮರುದಿನವೇ ಹೊಸ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, ಎಂದಿನಂತೆ ಹೊರಗಿನಿಂದ ಬೀಗ ಜಡಿದು ಡ್ಯೂಟಿಗೆ ಹೋದ. ಬೀಗ ಹೊರಗೆ, ಅದರ ಕೈ ಒಳಗೆ. ಅಷ್ಟು ಮಕ್ಕಳಿಗೆ ಲೆಕ್ಕ ಕಲಿಸಿದ ಹೆಡ್‌ಮಾಸ್ಟರಿಗೆ ಇದೊಂದು ಹೊಳೆದಿರಲಿಲ್ಲ. ತಿಂಗಳ ಮೇಲೆ ಒಂದು ದಿನ ಜ್ವರ ಏರಿ ಕಣ್ಣು ಕತ್ತಲಿಟ್ಟಾಗ, ಕಿಟಕಿಯಿಂದ ಕೂಗಿ ಪಕ್ಕದ ಮನೆಯ ಸಾವಿತ್ರಮ್ಮನನ್ನು ಕರೆದು ಬೀಗದ ಕೈ ಕೊಟ್ಟೆ. ಆಕೆ ಬಾಗಿಲು ತೆಗೆದರು.

ತವರಿಗೆ ಮರಳಿ ಮತ್ತೆ ಕೇಸು ಹಾಕಿದೆ. ಈ ಸಲ ಗಂಡನ ಕಡೆಯವರು ಹಾರದ ಫೋಟೊ ತೋರಿಸಿ, ಇವಳು ಸಂತೋಷದಿಂದಲೇ ಬಂದು ಬಾಳಿದ್ದಾಳೆ ಎಂದು ವಾದಿಸಿದರು. ಅದಕ್ಕೆ ಸಾಕ್ಷಿ ಯಾರು? ಶಿವನಂಜಪ್ಪನೇ. ಆತ ಕಟಕಟೆ ಹತ್ತಿದಾಗ ನನ್ನ ಕಥೆ ಮುಗಿಯಿತು ಅಂದುಕೊಂಡೆ. ನನ್ನ ವಕೀಲರು ಒಂದೇ ಪ್ರಶ್ನೆ ಕೇಳಿದರು: ಬೀಗ ಬಾಗಿಲಿನ ಯಾವ ಕಡೆ ಇತ್ತು?

ಆತ ನ್ಯಾಯಾಧೀಶರ ಕಡೆ ತಿರುಗಿದ. "ಗೊತ್ತಿಲ್ಲ ಸ್ವಾಮಿ" ಎಂದ. "ನಾನು ಕೇಳ್ನಿಲ್ಲ. ಓಗೂ ನೋಡ್ನಿಲ್ಲ."

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆ ಮಾತಿನಿಂದ ಮತ್ತು ಸಾವಿತ್ರಮ್ಮನ ಸಾಕ್ಷಿಯಿಂದ ನನಗೆ ಬಿಡುಗಡೆ ಸಿಕ್ಕಿತು. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

ಸಾಕ್ಷಿ ಹೇಳಿದ ದಿನವೇ ಆತ ಹೊರಗೆ ಮರದ ಕೆಳಗೆ ಕಾಯುತ್ತಿದ್ದ. "ಆ ಗೋಡೆ ಮ್ಯಾಲಿರೋರ್ ಮನೇಲೆಲ್ಲ ಏನೇನಾಗ್ಯದೋ ಕಣವ್ವ" ಎಂದ.

"ಹೋಗಿ ನೋಡಿ ಸಾರ್."

"ಯಾವ್ ಮೊಕ ಒತ್ಕಂಡ್ ಓಗ್ಲಿ?"

"ನಮ್ಮನೆಗೆ ಮುಖ ಬೇಕಿರಲಿಲ್ಲ. ಒಂದು ಸಲ ಬಾಗಿಲವರೆಗೆ ಬಂದಿದ್ದರೆ ಸಾಕಿತ್ತು" ಎಂದು ಹೇಳಿ ಬಸ್ ಹತ್ತಿದೆ. ಆಮೇಲೆ ಆತನನ್ನು ನೋಡಲಿಲ್ಲ.

ಹೋದ ತಿಂಗಳು ಆತ ತೀರಿಕೊಂಡ ಸುದ್ದಿ ಬಂತು. ಅಪ್ಪ ಶರ್ಟು ಹಾಕಿಕೊಂಡು, "ದೊಡ್ಡೋರು, ಒಂದ್ಸಲ ಮೊಕ ನೋಡ್ಕ ಬರೋವಾ ಬಾ ಮಗ" ಅಂದರು.

"ನಾನು ಬರಲ್ಲ. ಆತ ನನ್ನ ಬಾಗಿಲಿಗೆ ಬಂದಿರಲಿಲ್ಲ."

ಅಪ್ಪ ಚಪ್ಪಲಿ ಮೆಟ್ಟುತ್ತಿದ್ದವರು ಹಾಗೇ ನಿಂತರು. ನನ್ನ ಕಡೆ ನೋಡದೆ, "ನಾನೂ ಬಂದಿರ್ನಿಲ್ವಲ್ಲ ಮಗ" ಅಂದರು.