ಮಂಜು ಹಾಕದ ಬ್ರೇಕು

ಮಂಜು, ಆ ಸ್ಕೂಟರಿಗೆ ಹೊಸ ಬ್ರೇಕ್ ಹಾಕಿದವನು ನೀನಲ್ಲ. ನಾನು. ನನ್ನ ಕೈಯಾರೆ ಹಾಕಿ, ಗಂಗಕ್ಕನ ಕಾಲು ಮುರಿದು, ನಿನ್ನ ಹೆಸರು ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು—ಬೇಕೆಂದೇ ಹೇಳಿದೆ. ಹೇಳಿದಾಗ ಹಿತವಾಗಿತ್ತು. ಅದನ್ನೂ ಒಪ್ಪಿಕೊಳ್ಳಬೇಕು.

ನಿನ್ನ ಮೇಲೆ ನನಗಿದ್ದ ಸಿಟ್ಟು ಇಡೀ ಊರಿಗೇ ಗೊತ್ತಿತ್ತು. ನನ್ನ ತಂಗಿ ಸವಿತಳಿಗೂ ನಿನಗೂ ಮದುವೆ ಗೊತ್ತಾಗಿ, ಲಗ್ನಪತ್ರಿಕೆ ಹಂಚಿ ಆದ ಮೇಲೆ ನೀನು ಒಲ್ಲೆ ಎಂದೆ. ಕಾರಣ ಹೇಳಲಿಲ್ಲ. ನಮ್ಮ ಜಗುಲಿಯ ಮೇಲೆ ತಲೆ ಬಗ್ಗಿಸಿ ಕೂತಿದ್ದು, ಇಷ್ಟವಿಲ್ಲ ಅಕ್ಕ ಎಂದಷ್ಟೇ ಹೇಳಿ ಎದ್ದು ಹೋದೆ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳನ್ನು ಸಾಕಿದವಳು ನಾನು. ಕೊಬ್ಬರಿ ಮಿಠಾಯಿ ಮಾಡಿ ಚಿಕ್ಕನಾಯಕನಹಳ್ಳಿಯ ಬೇಕರಿಗಳಿಗೆ ಹಾಕುತ್ತಾ ಅವಳನ್ನು ಓದಿಸಿದ್ದೆ. ಮದುವೆ ನಿಂತಿತೆಂದು ಹೇಳಲು ನಮ್ಮ ಕಂದಿಕೆರೆಯ ಮನೆಮನೆಗೆ ನಾನೇ ಹೋದೆ. ಒಬ್ಬೊಬ್ಬರ ಹೊಸ್ತಿಲಲ್ಲಿ ನಿಂತಾಗಲೂ ಒಳಗೊಳಗೆ ಅಂದುಕೊಂಡೆ—ಇವನು ಈ ಊರಲ್ಲಿ ತಲೆಯೆತ್ತಿ ಓಡಾಡಬಾರದು.

ಊರಿಗೆ ಇದ್ದದ್ದು ನಿನ್ನದೊಂದೇ ಗ್ಯಾರೇಜು. ನನ್ನ ಸ್ಕೂಟರಿನ ಬ್ರೇಕ್ ಸವೆದು, ಎಷ್ಟು ಹಿಡಿದರೂ ಗಾಡಿ ಮುಂದೆ ಮುಂದೆ ಹೋಗುತ್ತಿತ್ತು. ನಿನ್ನ ಬಾಗಿಲಿಗೆ ಬರುವುದೆ? ಚಿಕ್ಕನಾಯಕನಹಳ್ಳಿಯಲ್ಲಿ ಬೇರೆ ಮೆಕ್ಯಾನಿಕ್‌ಗಳಿದ್ದರು. ಅಲ್ಲಿ ಗಾಡಿ ಬಿಟ್ಟರೆ ನನ್ನ ಅರ್ಧ ದಿನದ ವ್ಯಾಪಾರ ಹೋಗುತ್ತದೆ ಎಂದು ಹೇಳಿಕೊಂಡೆ. ನಿಜವೆಂದರೆ, ನಿನ್ನ ಕೆಲಸ ನಾನೇ ಮಾಡಬಲ್ಲೆ ಎಂದು ನಿನಗೆ ಕಾಣಿಸಬೇಕಿತ್ತು. ತಿಪಟೂರಿನಿಂದ, ಚಕ್ರವನ್ನು ಒಳಗಿಂದ ಒತ್ತಿ ಹಿಡಿಯುವ ಹೊಸ ಬ್ರೇಕ್ ಶೂ ತಂದೆ. ಮೊಬೈಲಿನಲ್ಲಿ ವೀಡಿಯೋ ಹಾಕಿಕೊಂಡು ಅಂಗಳದಲ್ಲೇ ಚಕ್ರ ಬಿಚ್ಚಿದೆ. ನೀನು ದಾರಿಯಲ್ಲಿ ಹೋಗುತ್ತಾ ನೋಡಿದೆ. ನಿಂತು, ಗ್ರೀಸು ಜಾಸ್ತಿ ಹಚ್ಚಬ್ಯಾಡಿ ಅಕ್ಕ, ಎಂದೆ.

ನೀನು ಹೇಳಿದ್ದಕ್ಕೇ—ಅದೊಂದಕ್ಕೇ—ಇನ್ನೊಂದು ಬೆರಳು ತುಂಬ ತೆಗೆದು ಬಳಿದೆ.

ಕೆಲವು ದಿನ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ನಿನ್ನ ಗ್ಯಾರೇಜಿನ ಮುಂದೆ ಬೇಕೆಂದೇ ಗಕ್ಕನೆ ನಿಲ್ಲಿಸಿ ಮುಂದೆ ಹೋಗುತ್ತಿದ್ದೆ. ಆಮೇಲೊಂದು ಬೆಳಿಗ್ಗೆ, ಹಿಂದೆ ಮಿಠಾಯಿ ಡಬ್ಬಗಳನ್ನು ಕಟ್ಟಿಕೊಂಡು ಕೆರೆ ಏರಿಯ ಇಳಿಜಾರಿನಲ್ಲಿ ಬರುತ್ತಿದ್ದೆ. ಬ್ರೇಕ್ ಒತ್ತಿದೆ. ಜಾರಿತು. ನಾನು ಬಳಿದ ಗ್ರೀಸು ಕಾದು ಕರಗಿ ಶೂಗೆ ಇಳಿದಿತ್ತು. ಗಂಗಕ್ಕ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಎದುರಿಗೆ ಬರುತ್ತಿದ್ದಳು. ಕೂಗಿದೆ, ಅವಳು ತಲೆಯೆತ್ತಿದಳು—ಅಷ್ಟರಲ್ಲಿ ಗಾಡಿ ಅವಳ ಮೇಲಿತ್ತು.

ಡೈರಿಯಲ್ಲಿದ್ದವರೆಲ್ಲ ಓಡಿಬಂದರು. ಅವಳನ್ನು ಆಟೋಗೆ ಹತ್ತಿಸಿದ ಮೇಲೆ ಯಾರೋ ಕೇಳಿದರು, "ಬ್ರೇಕ್ ಯಾರ್ ತಾವ ಹಾಕ್ಸಿದ್ದೆ?"

"ಮಂಜು ತಾವ" ಎಂದೆ.

ಯೋಚನೆ ಮಾಡಲು ಸಮಯ ಸಿಕ್ಕಿತ್ತು, ಮಂಜು. ನನ್ನ ಮೊಣಕೈ ಸುಲಿದು ರಕ್ತ ಬರುತ್ತಿತ್ತು, ಆದರೂ ತಲೆ ತಿಳಿಯಾಗಿತ್ತು. ಜಗುಲಿಯ ಮೇಲೆ ಬಗ್ಗಿದ ನಿನ್ನ ತಲೆ ನೆನಪಾಯಿತು. ಈಗ ಬಗ್ಗಿಸು ನೋಡೋಣ—ಎಂದುಕೊಂಡೆ.

ಸಂಜೆ ನೀನು ನಮ್ಮ ಮನೆಗೆ ಬಂದೆ. ಯಾರನ್ನೂ ಕರೆತರಲಿಲ್ಲ. ಚಕ್ರ ಬಿಚ್ಚಿ ನೋಡಿ, ಕೈ ಒರೆಸಿಕೊಂಡು ಹೇಳಿದೆ, "ಇದು ಯಾರ್ ಕೆಲ್ಸ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ಬುಡಿ ಅಕ್ಕ." ಬ್ರೇಕ್ ನಾನು ಹಾಕಿದ್ದಲ್ಲ ಎಂದು ನೀನು ಊರವರಿಗೆ ಎಷ್ಟು ಹೇಳಿದರೂ ಅವರು ನಂಬಲಿಲ್ಲ; ಹೆಂಗಸು ತಾನೇ ಹಾಕಿಕೊಂಡಾಳೆ ಎಂದರು. ಮಾತು ಕೊಟ್ಟು ಮದುವೆ ಮುರಿದವನ ಮಾತಿಗೆ ಬೆಲೆಯಿರಲಿಲ್ಲ. ಟ್ರ್ಯಾಕ್ಟರಿನವರು ನಿನ್ನನ್ನು ಬಿಟ್ಟು ಹೋದರು, ಆಟೋದವರೂ ಹೋದರು. ನೀನು ಗ್ಯಾರೇಜಿನ ಬಾಗಿಲು ಎಳೆದು ಸಾಮಾನನ್ನು ಲಗೇಜ್ ಆಟೋಗೆ ಹೇರಿದ ದಿನ ನಾನು ಹಬ್ಬದ ಅಡುಗೆ ಮಾಡಿದೆ. ಹಬ್ಬವಿರಲಿಲ್ಲ.

ವರ್ಷಗಳು ಕಳೆದವು. ಸವಿತ ಹಾಸನದ ಕಡೆ ಮದುವೆಯಾಗಿ ಹೋದಳು. ಮೊನ್ನೆ ಯುಗಾದಿಗೆ ಅವಳು ಬಂದಿದ್ದಾಗ ನಾನೇ ನಿನ್ನ ಮಾತೆತ್ತಿದೆ. ತಿಪಟೂರಿನಲ್ಲಿ ಯಾರದೋ ಗ್ಯಾರೇಜಿನಲ್ಲಿ ಕೂಲಿಗಿದ್ದಾನಂತೆ, ಅನುಭವಿಸಲಿ ಎಂದೆ. ಹೋಳಿಗೆ ತಟ್ಟುತ್ತಿದ್ದ ಅವಳ ಕೈ ನಿಂತಿತು.

"ಅಕ್ಕ, ಬ್ಯಾಡ ಅಂದೋಳು ನಾನು. ಈಗಿನ ನಮ್ಮನೆಯವ್ರು ಆಗ್ಲೇ ಮನಸಲ್ಲಿದ್ರು. ನಿಂಗೆ ಹೆದ್ರಿ, ನೀನೇ ಒಲ್ಲೆ ಅಂತ ಹೇಳ್ಬುಡು ಅಂತ ಮಂಜು ಕೈ ಹಿಡ್ಕಂಡೆ."

ಅವಳಿಗೆ ಎರಡು ಬಾರಿಸಬೇಕೆನಿಸಿತು. ಆದರೆ ಅವಳು ಹೆದರಿದ್ದು ನನಗೆ. ಇನ್ನೊಂದು ಮಾತು—ನೀನು ನಿಜವಾಗಿಯೇ ಅವಳನ್ನು ಬಿಟ್ಟಿದ್ದರೂ ಆ ಬ್ರೇಕ್ ನಾನು ಹಾಕಿದ್ದೇ ಅಲ್ಲವೆ? ಸತ್ಯ ತಿಳಿದದ್ದರಿಂದ ನನ್ನ ಸುಳ್ಳು ದೊಡ್ಡದಾಗಲಿಲ್ಲ. ಮೊದಲೇ ಅಷ್ಟು ದೊಡ್ಡದಿತ್ತು.

ಮಾರನೆಯ ವಾರ ತಿಪಟೂರಿಗೆ ಬಂದೆ. ನೀನು ಲಾರಿಯ ಕೆಳಗಿಂದ ಎದ್ದು ಬಂದೆ. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡು, "ನನ್ ಮುಂದೆ ಹೇಳಿ ಏನ್ ಬಂತು? ಆವತ್ತು ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ" ಎಂದು ಮತ್ತೆ ಲಾರಿಯ ಕೆಳಗೆ ಹೋದೆ.

ನಿನ್ನೆ ಬೆಳಿಗ್ಗೆ ಹೇಳಿದೆ. ಡೈರಿಯ ಮುಂದೆ, ಹಾಲು ಅಳೆಯುವ ಹೊತ್ತಿಗೆ, ಎಲ್ಲರಿಗೂ ಕೇಳುವ ಹಾಗೆ. ಕೆಲವರು ನನ್ನ ಮುಖ ನೋಡಲಿಲ್ಲ. ಒಬ್ಬ ನಕ್ಕ. ಗಂಗಕ್ಕ ಈಗಲೂ ಆ ಕಾಲು ಎಳೆದೇ ನಡೆಯುತ್ತಾಳೆ. ಅವಳು ಹತ್ತಿರ ಬಂದಳು. ಹೊಡೆಯಲಿ ಎಂದು ಕಾದೆ.

"ಕಾಲ್ ಹೋಗ್ಲಿ ಕಣವ್ವ. ಅವನ್ ಅಂಗ್ಡಿ ಮುಂದೆ ನಿಂತು ನಾನು ಮಣ್ ತೂರಿದ್ದೆ, ನಿನ್ ಮನೆ ಹಾಳಾಗ್ಲಿ ಅಂತ. ಆ ಮಾತ್ನ ಹೆಂಗೆ ವಾಪಸ್ ತಗಳ್ಲಿ, ಹೇಳು?"

ಅವನಿಗೇ ಹೇಳು, ನಾನು ಕರಕೊಂಡು ಹೋಗುತ್ತೇನೆ ಎಂದೆ.

ಭಾನುವಾರ ಅವಳನ್ನು ಬಸ್ಸಿನಲ್ಲಿ ನಿನ್ನ ಹತ್ತಿರ ಕರೆತರುತ್ತೇನೆ. ಅವಳೊಡನೆ ಮಾತಾಡು, ಮಂಜು. ನಾನು ರಸ್ತೆಯ ಆಚೆ ಬದಿ ನಿಂತಿರುತ್ತೇನೆ.