ಗುಳಿಗೆಯ ಮೇಲೆ ಅರ್ಧ ಕಪ್ ಚಹಾ

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಗಡಿಯಾರ ನೋಡಲು ಬರುತ್ತದೆ. ಅಕ್ಕನಿಗೆ ಗುಳಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂದದ್ದು ಹಾಗೆ.

ಶಾಲೆಯಲ್ಲಿ ಕಲಿಸುವ ಅಕ್ಕನಿಗೆ ಗರ್ಭಕೋಶದಲ್ಲಿ ಗಡ್ಡೆಗಳಾಗಿದ್ದವು. ಹೊಟ್ಟೆ ದೊಡ್ಡದಾಗಿ ಕೊಯ್ಯದೆ, ಸಣ್ಣ ತೂತುಗಳಿಂದ ದುರ್ಬೀನು ಹಾಕಿ ತೆಗೆಯುತ್ತೇವೆ ಎಂದಿದ್ದರು ಡಾಕ್ಟರ್. ಆದರೆ ತಿಂಗಳು ತಿಂಗಳು ವಿಪರೀತ ಸ್ರಾವವಾಗಿ ಅವಳ ಮೈಯಲ್ಲಿ ರಕ್ತ ಕಡಿಮೆಯಾಗಿತ್ತು. ಅದು ಏರಿದರೆ ಮಾತ್ರ ದೀಪಾವಳಿ ರಜೆಯಲ್ಲಿ ಆಪರೇಶನ್. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಬ್ಬಿಣಾಂಶದ ಗುಳಿಗೆ, ಲಿಂಬೆ ನೀರಿನ ಜೊತೆ. ಮುಂದೆ ಎರಡು ತಾಸು ಚಹಾ ಕೂಡದು. ಕುಡಿದರೆ ಗುಳಿಗೆ ಮೈಗೆ ಹತ್ತುವುದಿಲ್ಲ.

ಈ ಮರಾಠಿ ಊರಿನ ಸದಾಶಿವ ಪೇಠಕ್ಕೆ ಬಂದು ಎಷ್ಟು ವರ್ಷವಾದರೂ ನಮ್ಮದು ಧಾರವಾಡದ ಮನೆ. ಬೆಳಗಿನ ಚಹಾ ಒಬ್ಬರೇ ಕುಡಿಯುವುದೆಂದರೆ ಕದ್ದು ತಿಂದಂತೆ. ಅಕ್ಕನ ಜೊತೆ ನಾನೂ ಮೂರು ದಿನ ಕಾದೆ. ನಾಲ್ಕನೇ ದಿನ ಹಾಲು ತರುವ ನೆಪದಲ್ಲಿ ಇಳಿದು, ಮೂಲೆಯ ಅಂಗಡಿಯಲ್ಲಿ ನಿಂತೇ ಕುಡಿದೆ.

ಅಕ್ಕ ಬಾಗಿಲಲ್ಲೇ ಮೂಗು ಅರಳಿಸಿದಳು. “ಹಾಲಿನ ಅಂಗಡ್ಯಾಗ ಏಲಕ್ಕಿ ವಾಸನಿ ಬರತದೇನ?”

“ಬಾಜೂಕ ಚಾದ ಅಂಗಡಿ ಅದಲ್ಲ.”

“ವಾಸನಿ ನಿನ್ನ ಬಾಯಾಗ ಅದ. ನಾಳೆ ನನಗೂ ತಾ. ಇಲ್ಲಾಂದ್ರ ಗುಳಿಗಿ ನೀನ ನುಂಗು.”

ನಾನು ಬೇಡ ಎನ್ನಬೇಕಿತ್ತು. ಜೊತೆ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಮರುದಿನದಿಂದ ಹಾಲಿನ ಕ್ಯಾನಿನಲ್ಲಿ ಚಹಾ ಬಂತು. ಆರಕ್ಕೆ ಗುಳಿಗೆ, ಆರೂಕಾಲಿಗೆ ಚಹಾ. ಗಡಿಯಾರ ನೋಡುವವಳು ನಾನೇ.

ತಿಂಗಳ ಮೇಲೆ ತಪಾಸಣೆ ಮಾಡಿದರೆ ರಕ್ತ ಇದ್ದಲ್ಲೇ ಇತ್ತು. ಗುಳಿಗೆ ತಪ್ಪಿಸಿದಿರಾ ಎಂದು ಡಾಕ್ಟರ್ ಮರಾಠಿಯಲ್ಲಿ ಕೇಳಿದರು. ಅಕ್ಕ ದೇವರಂಥ ಮುಖ ಮಾಡಿ ಇಲ್ಲವೆಂದಳು. ಅದು ಸುಳ್ಳೂ ಅಲ್ಲ. ಹಾಗಾದರೆ ಗುಳಿಗೆ ಸಾಲದು, ನರಕ್ಕೆ ಸೂಜಿ ಹಾಕಿ ಔಷಧ ಏರಿಸಬೇಕು ಎಂದು ಡಾಕ್ಟರ್ ಪೆನ್ನು ತೆಗೆದರು. ಅಕ್ಕನ ಬಿಳಿಚಿದ ಕೈ ಮೇಜಿನ ಮೇಲಿತ್ತು. ನನಗೆ ತಡೆಯಲಾಗಲಿಲ್ಲ.

“ಚಹಾ ನಾನೇ ತಂದು ಕೊಟ್ಟೆ” ಎಂದೆ.

“ಎಷ್ಟು?”

“ಅರ್ಧ ಕಪ್.”

ಅಕ್ಕ ಮೇಲೆ ತಿರುಗುತ್ತಿದ್ದ ಫ್ಯಾನು ನೋಡತೊಡಗಿದಳು. ಡಾಕ್ಟರ್ ಪೆನ್ನು ಮುಚ್ಚಿ, ಸೂಜಿ ಬೇಡ, ಚಹಾ ಬಿಟ್ಟು ಗುಳಿಗೆಯನ್ನೇ ಮುಂದುವರಿಸಿ ಎಂದರು.

ದೀಪಾವಳಿ ರಜೆ ಹಾಗೇ ಹೋಯಿತು, ಆಪರೇಶನ್ ಮುಂದಕ್ಕೆ ಬಿತ್ತು. ಮತ್ತೊಮ್ಮೆ ಸ್ರಾವವಾಗಿ ಅಕ್ಕ ಬಚ್ಚಲಿನ ಬಾಗಿಲು ಹಿಡಿದು ನಿಂತದ್ದನ್ನು ನೋಡಿದೆ. ಅದು ನನ್ನಿಂದ. ಅಂದಿನಿಂದ ಎಂಟು ಗಂಟೆಯವರೆಗೆ ಬರೀ ಬಿಸಿನೀರು ಕುಡಿಯುತ್ತ ಅವಳೆದುರು ಕೂತೆ.

“ನಿನ್ನ ಮಾರಿ ನೋಡಿದ್ರ ಗಡ್ಡಿ ನಿನಗ ಆಗ್ಯಾವ ಅನಸ್ತದ” ಎಂದಳು.

ಕೊನೆಗೆ ರಕ್ತ ಏರಿತು, ಆಪರೇಶನ್ ಆಯಿತು. ಅಕ್ಕ ಈಗ ಮೂರು ಮಹಡಿ ನಿಲ್ಲದೆ ಹತ್ತುತ್ತಾಳೆ. ಆದರೆ ಡಾಕ್ಟರಿಗೆ ನಾನು ಹೇಳಿದ್ದು ನಿಜವಲ್ಲ. ಅದು ಅರ್ಧ ಕಪ್ ಅಲ್ಲ, ಎರಡು ಕಪ್. ಎರಡನೆಯದನ್ನು ಅಕ್ಕ ಕೇಳಿರಲೂ ಇಲ್ಲ. ನನಗೆ ಇನ್ನೊಂದು ಬೇಕಿತ್ತು. ಒಬ್ಬಳೇ ಕುಡಿಯಲಾರದೆ ಅವಳ ಕಪ್ಪಿಗೂ ಸುರಿದೆ.