ನಾನು ಬರೆದ ಸೊನ್ನೆಗಳು

ಮೊನ್ನೆ ಕ್ಯಾಸಂಬಳ್ಳಿಯ ನಮ್ಮ ಜಗಲಿಯಲ್ಲಿ ಆಶಾ ಕಾರ್ಯಕರ್ತೆ ನನ್ನ ಸೊಂಟ ಅಳೆದು, ಚೀಲದಿಂದ ಫಾರಂ ತೆಗೆದಳು. ಹೊಸ ಕಾಗದದ ವಾಸನೆ ಬಂತು.

ಅಂಥದೇ ಫಾರಂ ಒಂದನ್ನು ಹಿಂದೆ ನಾನೇ ತುಂಬಿದ್ದೆ. ನಮ್ಮವರು ಮಿಲಿಟರಿಯಲ್ಲಿದ್ದರು. ಸಿಪಾಯಿಗಳು ಎಷ್ಟು ಸೇದುತ್ತಾರೆ, ಎಷ್ಟು ಕುಡಿಯುತ್ತಾರೆ, ಎಷ್ಟು ಮಲಗುತ್ತಾರೆ ಎಂದು ತಿಳಿಯುವ ಸರ್ವೆಯಂತೆ. ರಜೆಗೆ ಬರುವಾಗ ತಂದಿದ್ದರು. ಹೆಸರು ಬರೆಯಬೇಡಿ ಎಂದು ಮೇಲೆಯೇ ಹಿಂದಿಯಲ್ಲಿ ಅಚ್ಚಾಗಿತ್ತು.

“ಎಸ್ರು ಬ್ಯಾಡ ಅಂತಾರೆ, ಅಕ್ಸರ ನೋಡಿ ಯಾರ್ದು ಅಂತ ಕಂಡಿಡೀತಾರೆ ಕಣೇ. ನೀನೇ ಬರಿ” ಎಂದರು.

ಆಗಷ್ಟೇ ಪೂಜೆ ಮುಗಿಸಿದ್ದೆ. ಬೆರಳಲ್ಲಿ ಕುಂಕುಮ ಹಾಗೇ ಇತ್ತು. ಬಂಗಾರಪೇಟೆಯ ಶಾಲೆಯಲ್ಲಿ ಹಿಂದಿ ಮೇಷ್ಟ್ರು ನನ್ನ ಅಕ್ಷರವನ್ನು ಹೊಗಳಿದ್ದೇ ಹೊಗಳಿದ್ದು. ಆ ಜಂಬ ಅಷ್ಟು ವರ್ಷ ಕೆಲಸವಿಲ್ಲದೆ ಬಿದ್ದಿತ್ತು ನೋಡಿ, ಸಡಗರದಿಂದಲೇ ಪೆನ್ನು ಹಿಡಿದೆ.

“ತಿಂಗಳಲ್ಲಿ ಎಷ್ಟು ದಿನ ಕುಡೀತೀರ ಅಂತ ಕೇಳವ್ರೆ.”

“ಸೊನ್ನೆ ಹಾಕು.”

“ಅಟ್ಟದ ಮ್ಯಾಲಿರೋ ರಮ್ಮು ಯಾರ್ದು, ನಮ್ಮ ಎಮ್ಮೇದಾ?”

“ಪ್ರಮೋಷನ್ ನಿಂತೋದ್ರೆ ನಿನ್ನ ಎಮ್ಮೆ ಕೊಡ್ಸತದಾ? ಸೊನ್ನೆ ಹಾಕೇ!”

ಇಬ್ಬರೂ ನಕ್ಕೆವು. ಸೊನ್ನೆ ದುಂಡಗೆ ಬಂತು.

ಕೊನೆಗೊಂದು ಪ್ರಶ್ನೆಯಿತ್ತು: ಮನಸ್ಸಿನ ಕಷ್ಟ ಹೇಳಿಕೊಳ್ಳಲು ಯಾರಾದರೂ ಬೇಕೆನಿಸುತ್ತದೆಯೇ? ಅವರು ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿದರು. ಅಲ್ಲಿಂದಲೇ, ನನ್ನ ಕಡೆ ತಿರುಗದೆ, “ಇಲ್ಲ ಅಂತ ಬರಿ” ಎಂದರು.

ಬರೆದೆ.

ರಿಟೈರಾಗಿ ಬಂದ ಮೇಲೂ ಕುಡಿತ ಬಿಡಲಿಲ್ಲ. ಲಿವರ್ ಕೆಟ್ಟು ತೀರಿಕೊಂಡರು. “ಮೊದಲೇ ಹೇಳಬಾರದಿತ್ತೇನಮ್ಮ?” ಎಂದರು ಡಾಕ್ಟರು. ಮಿಲಿಟರಿಯವರು ಕೇಳಿದ್ದರಲ್ಲ, ಕಾಗದ ಕೊಟ್ಟೇ ಕೇಳಿದ್ದರು. ನನ್ನಂಥ ಎಷ್ಟು ಹೆಂಡತಿಯರ ಅಂದವಾದ ಸೊನ್ನೆಗಳನ್ನು ಕೂಡಿಸಿ, ಸಿಪಾಯಿಗಳೆಲ್ಲ ಸುಖವಾಗಿದ್ದಾರೆ ಎಂದು ಬರೆದುಕೊಂಡರೋ! ತುಳಸಿ ನೀರು ಬಿಡುವಾಗ ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ದೇವರು ಅಷ್ಟಾದರೂ ಕೊಟ್ಟ.

“ನಿದ್ದೆ ಚೆನ್ನಾಗಿ ಬತ್ತದಾ ಅಕ್ಕಾ? ಮನಸ್ಸಿಗೆ ಏನಾನ ಬೇಜಾರು?” ಮೊನ್ನೆ ಆಶಾ ಹುಡುಗಿಯೂ ಅದನ್ನೇ ಕೇಳಿದಳು.

“ಏನೂ ಇಲ್ಲಮ್ಮ, ದೇವರ ದಯೆ.”

ಅವಳು ಬರೆದುಕೊಂಡು ಹೊರಟಳು. ನಾನು ದೀಪದ ಬತ್ತಿ ಸರಿಮಾಡಲು ಒಳಗೆ ಹೋದೆ. ದೀಪಕ್ಕಿಟ್ಟ ಕುಂಕುಮ ಬೆರಳಿಗೆ ಹತ್ತಿತು. ಅಂದು ಸೊನ್ನೆ ಬರೆದ ಬೆರಳಲ್ಲೂ ಹೀಗೇ ಇತ್ತು. ಅದನ್ನು ನೋಡಿದವಳೇ ಬಾಗಿಲಿಗೆ ಓಡಿದೆ. ಅವಳು ಆಗಲೇ ಸ್ಕೂಟಿ ಹತ್ತಿದ್ದಳು.

“ನಿಂತ್ಕೊಳಮ್ಮಾ! ಈಗ ನಾನು ಏಳಿದ್ದು ಸುಳ್ಳು, ಬರ್ದಿದ್ದು ಗೀಚಾಕು. ಅವ್ರು ತೀರ್ಕೊಂಡಾಗಿಂದ ನಂಗೆ ನಿದ್ದೇನೇ ಇಲ್ಲ. ಅಂಗೇ ಬರ್ಕೋ.”